ಮುರಕಲ್ಲಿನ ಮನೆಗೆ ಗ್ಯಾಸ್ ಗೀಸರ್: ಒಳಗಾ, ಹೊರಗಾ?

ಕಾಪು ಮನೆ: ಅಮ್ಮನದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಹಳೇ ಮನೆ. ಹಂಡೆಗೆ ಬೆಂಕಿ ಹಾಕಲು ಅವರಿಗೆ ಈಗ ಆಗುವುದಿಲ್ಲ. ಗ್ಯಾಸ್ ಗೀಸರ್ ತಂದಿದ್ದೇನೆ. ಪ್ಲಂಬರ್ ಬಚ್ಚಲಿನ ಒಳಗೇ ಹಾಕುತ್ತೇನೆ ಅನ್ನುತ್ತಾರೆ. ಕಿಟಕಿ ಒಂದೇ, ಚಿಕ್ಕದು. ಸರಿಯಾ? ವಯರಿಂಗ್ ಬೇಕಾ?

ಮಣಿಪಾಲದಿಂದ: ಒಳಗೆ ಬೇಡವೇ ಬೇಡ ಮಾರಾಯ್ರೆ! ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಾಗಿಲು ಹಾಕಿ ಸ್ನಾನ ಮಾಡುವವರಿಗೆ ಗೊತ್ತೇ ಆಗದೆ ಪ್ರಜ್ಞೆ ತಪ್ಪಬಹುದು, ಜೀವವೂ ಹೋಗಬಹುದು. ಹೊರಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಆ ಕಿಟಕಿಯ ಹತ್ತಿರವೂ ಬೇಡ. ಗೀಸರ್ ಮೇಲೆ ಮಾಡು (ಸೂರು) ಇರಬೇಕು. ನಮ್ಮ ಮಳೆಗಾಲದ ಎರಚಲು ಗೊತ್ತಲ್ವಾ, ಬರ್ನರ್ ಆರಿ ಹೋಗುತ್ತದೆ.

ಸುರತ್ಕಲ್ ಎಲೆಕ್ಟ್ರಿಷಿಯನ್: ಅವರು ಹೇಳಿದ್ದು ಸರಿ. ಸಾಮಾನ್ಯ ಮಾಡೆಲ್‌ಗೆ ವಯರಿಂಗ್ ಬೇಡ, ಕಿಡಿ ಹಚ್ಚಲು 2 ದಪ್ಪ ಟಾರ್ಚ್ ಸೆಲ್ ಸಾಕು. ಒಳಗೆ ಫ್ಯಾನ್ ಇರುವ ಮಾಡೆಲ್ ಆದರೆ ಅರ್ಥಿಂಗ್ ಇರುವ ತ್ರೀ-ಪಿನ್ ಸಾಕೆಟ್ ಬೇಕು. ಮುರಕಲ್ಲು ಮೆತ್ತಗೆ, ತೂತು ಜಾಸ್ತಿ. ಸ್ಕ್ರೂಗೆಂದು ಗೋಡೆಗೆ ಹೊಡೆಯುವ ಪ್ಲಾಸ್ಟಿಕ್ ಪ್ಲಗ್ ಸಡಿಲವಾಗುತ್ತದೆ. ಉದ್ದದ ಬೋಲ್ಟ್ ಸಿಮೆಂಟಿನಲ್ಲಿ ಹೂಳಿ, ಗಟ್ಟಿಯಾದ ಮೇಲೆಯೇ ತೂಕ ಹಾಕಿ. ಕಡಲ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ತನ್ನಿ.

ಕಾಪು ಮನೆ: ಸಿಲಿಂಡರ್ ಎಲ್ಲಿಡುವುದು ಅಣ್ಣಾ?

ಸುರತ್ಕಲ್ ಎಲೆಕ್ಟ್ರಿಷಿಯನ್: ಹೊರಗೇ, ನೆಟ್ಟಗೆ ನಿಲ್ಲಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಚರಂಡಿ, ಗುಂಡಿ ಹತ್ತಿರ ಬೇಡ. ಜಾಯಿಂಟಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಬರುತ್ತದಾ ನೋಡಿ.