ಸಹಾಯ ಬೇಕು: ಗಂಡು ಮಾತ್ರ ಸಿಕ್ಕಿರುವ ಕಿರುಪತಂಗಕ್ಕೆ ಹೊಸ ಹೆಸರು ಕೊಡಬಹುದೇ?

ಗುಂಪಿನ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಕೆರಿಬಿಯನ್ನಿನ ಡೊಮಿನಿಕಾ ದ್ವೀಪದಲ್ಲಿ ರಾತ್ರಿ ದೀಪವಿಟ್ಟು, ಬಿಳಿ ಬಟ್ಟೆಯ ಮೇಲೆ ಕೂತ ಕಿರುಪತಂಗಗಳನ್ನು ಹಿಡಿದು ಅಧ್ಯಯನ ಮಾಡುತ್ತಿದ್ದೇನೆ. ಅವುಗಳಲ್ಲಿ ಒಂದೇ ಬಗೆಯ ನಾಲ್ಕು ಪತಂಗಗಳು ನನ್ನನ್ನು ತಿಂಗಳುಗಟ್ಟಲೆ ಕಾಡುತ್ತಿವೆ. ರೆಕ್ಕೆ ಬಿಚ್ಚಿದರೂ 9 ಮಿಲಿಮೀಟರ್ ದಾಟದ ಇವು ನಾಲ್ಕೂ ಗಂಡು.

ರೆಕ್ಕೆಯ ಬೂದುಬಣ್ಣದ ಪಟ್ಟೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಕ್ಕದ ದ್ವೀಪವೊಂದರಿಂದ ವರ್ಣಿತವಾದ ಪ್ರಭೇದವನ್ನು ಬಹಳ ಹೋಲುತ್ತವೆ. ಆದರೆ ಆ ಹೆಸರಿಗೆ ಆಧಾರವಾಗಿರುವ ಏಕೈಕ ಮಾದರಿ ಹೆಣ್ಣು. ಕಿರುಪತಂಗಗಳಲ್ಲಿ ರೆಕ್ಕೆಯ ಬಣ್ಣವನ್ನು ನಂಬುವಂತಿಲ್ಲವಾದ್ದರಿಂದ ನಾನು ಹೊಟ್ಟೆಯ ಭಾಗವನ್ನು ಬೇರ್ಪಡಿಸಿ, 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬೆಚ್ಚಗೆ ನೆನೆಸಿ, ಸಣ್ಣ ಕುಂಚದಿಂದ ಹುರುಪೆಗಳನ್ನು ತೆಗೆದು ಜನನಾಂಗವನ್ನು ಸ್ಲೈಡಿಗೆ ಏರಿಸಿದೆ. (ಮೊದಲನೆಯದು ಕೈತಪ್ಪಿ ಹಾಳಾಯಿತು.) ಈ ಕುಲದ ಇತರ ಪ್ರಭೇದಗಳ ಗಂಡುಗಳಿಗಿಂತ ರಚನೆ ಸ್ಪಷ್ಟವಾಗಿ ಬೇರೆಯಾಗಿದೆ; ಆದರೆ ಹಳೆಯ ಮಾದರಿ ಹೆಣ್ಣಾದ್ದರಿಂದ ಅದರೊಡನೆ ನೇರವಾಗಿ ಹೋಲಿಸಲಾಗದು. ಪ್ರಭೇದ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ 658 ಡಿಎನ್‌ಎ ಅಕ್ಷರಗಳ ಬಾರ್‌ಕೋಡ್ ಕೂಡ ಸಿಕ್ಕಿದೆ. ಆದರೆ ಹಳೆಯ ಮಾದರಿಯ ಕಾಲೊಂದನ್ನು ಡಿಎನ್‌ಎಗಾಗಿ ತೆಗೆಯಲು ವಸ್ತುಸಂಗ್ರಹಾಲಯದವರು ಅನುಮತಿ ಕೊಡಲಿಲ್ಲ.

ಪ್ರಾಣಿನಾಮಕರಣ ಸಂಹಿತೆಯ ಪ್ರಕಾರ ಹೋಲೋಟೈಪನ್ನು (ಹೊಸ ಹೆಸರಿಗೆ ಆಧಾರವಾಗುವ ಒಂದು ಮಾದರಿಯನ್ನು) ಸ್ಪಷ್ಟವಾಗಿ ಗುರುತಿಸಬೇಕು. ಎರಡೂ ಲಿಂಗಗಳ ವರ್ಣನೆ ಕಡ್ಡಾಯವಲ್ಲ. ಆದ್ದರಿಂದ ತೊಡಕಿರುವುದು ನಿಯಮದಲ್ಲಲ್ಲ: ಆ ಹಳೆಯ ಹೆಣ್ಣಿಗೆ ಇದೇ ಗಂಡು ಜೋಡಿಯಾಗಿದ್ದರೆ, ನಾನು ಕೊಟ್ಟ ಹೆಸರು ಹುಟ್ಟುತ್ತಲೇ ಪರ್ಯಾಯನಾಮ, ಅಂದರೆ ಅದೇ ಪ್ರಭೇದಕ್ಕೆ ಬೇಡದ ಎರಡನೆಯ ಹೆಸರು, ಆಗಿಬಿಡುತ್ತದೆ.

ಅನುಭವಿಗಳು ದಯವಿಟ್ಟು ತಿಳಿಸಿ: ಗಂಡುಗಳ ಆಧಾರದಲ್ಲೇ ಈಗ ಹೊಸ ಪ್ರಭೇದವೆಂದು ಪ್ರಕಟಿಸಬಹುದೇ, ಅಥವಾ ಹಳೆಯ ಮಾದರಿ ಸಿಕ್ಕ ದ್ವೀಪಕ್ಕೇ ಹೋಗಿ ಗಂಡು ಹೆಣ್ಣು ಎರಡನ್ನೂ ಹಿಡಿಯುವವರೆಗೆ ಕಾಯಬೇಕೇ?