ಸೈನ್ಯ ಬಿಟ್ಟ ಮೇಲೆ ಸ್ಕೈಡೈವಿಂಗ್: ಹಾರಿದವರು ಹೇಳಿ

ನನ್ನದು ಅರಸೀಕೆರೆ. 17 ವರ್ಷ ಸೈನ್ಯದಲ್ಲಿದ್ದು ಈಗ ತೆಂಗಿನ ತೋಟ ನೋಡಿಕೊಂಡಿದ್ದೇನೆ. ಆಗ್ರಾದಲ್ಲಿ ಪ್ಯಾರಾಚೂಟ್ ಕಟ್ಟಿ ಹಾರುವ ಪ್ಯಾರಾ ಕೋರ್ಸ್ ಮಾಡಿದ್ದೆ. ಈಗ ಹವ್ಯಾಸಕ್ಕೆ ಸ್ಕೈಡೈವಿಂಗ್ ಕಲಿಯೋ ಆಸೆ. ಹಳೇ ಅನುಭವ ಸಾಕಾ? ಎಡಮಂಡಿ ಆಗಾಗ ನೋಯುತ್ತದೆ.

ಸಕಲೇಶಪುರದಿಂದ:
ಜೈ ಹಿಂದ್ ಅಣ್ಣ. ನಾನೂ ಆಗ್ರಾದಲ್ಲೇ ಐದು ಜಂಪ್ ಮಾಡಿ ವಿಂಗ್ಸ್ ಬ್ಯಾಡ್ಜ್ ತಗೊಂಡವನು. ಹಳೇ ಅನುಭವ ಧೈರ್ಯಕ್ಕೆ ಸಾಕು, ಕೆಲಸಕ್ಕೆ ಸಾಲದು. ಅಲ್ಲಿ ಸುಮಾರು 1,250 ಅಡಿಯಿಂದ ಹಾರುತ್ತಿದ್ದೆವು, ವಿಮಾನಕ್ಕೆ ಸಿಕ್ಕಿಸಿದ ಸ್ಟ್ಯಾಟಿಕ್ ಲೈನೇ ಪ್ಯಾರಾಚೂಟ್ ಬಿಚ್ಚುತ್ತಿತ್ತು. ಸ್ಕೈಡೈವಿಂಗ್‌ನಲ್ಲಿ ಸುಮಾರು 13,000 ಅಡಿ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು ಅನ್ನಿ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಮುಕ್ಕಾಲು ನಿಮಿಷ ಬಿದ್ದು, ಆಮೇಲೆ ನೀವೇ ಎಳೆಯಬೇಕು.

ನನ್ನನ್ನು ಕೆಡಿಸಿದ್ದೇ ಹಳೇ ಅಭ್ಯಾಸ. ಥಾಯ್ಲೆಂಡ್‌ನಲ್ಲಿ ಎಎಫ್ಎಫ್ ಕೋರ್ಸಿನ (ಇನ್‌ಸ್ಟ್ರಕ್ಟರ್ ಜೊತೆ ಹಾರಿ ಸ್ಕೈಡೈವಿಂಗ್ ಕಲಿಯೋ ಕೋರ್ಸ್) ಮೊದಲ ಜಂಪ್. ಎರಡೂ ಕಡೆ ಇನ್‌ಸ್ಟ್ರಕ್ಟರ್ ಹಿಡಿದಿದ್ದಾರೆ. ನಾನು ಪಟ್ಟಾಗಿ ಕಾಲು ಜೋಡಿಸಿ, ಗದ್ದ ಎದೆಗೆ ಒತ್ತಿ ಹೊರಬಿದ್ದೆ. ಮೂವರೂ ಪಲ್ಟಿ! ಇಲ್ಲಿ ಸೊಂಟ ಮುಂದೆ ತಳ್ಳಿ, ಗದ್ದ ಎತ್ತಿ, ಬಿಲ್ಲಿನ ಹಾಗೆ ಬಾಗಬೇಕು. ಮೈ ಸಡಿಲ ಬಿಡಬೇಕು. ಫೌಜಿಗೆ ಅದೇ ಕಷ್ಟ, ಅಲ್ವಾ?

ಇಳಿಯುವುದೂ ಬೇರೆ. ಅಲ್ಲಿ ದುಂಡನೆ ಪ್ಯಾರಾಚೂಟ್, ಬಿದ್ದು ಉರುಳಿದರೆ ಆಯ್ತು. ಇಲ್ಲಿ ಚೌಕದ್ದು, ಮುಂದಕ್ಕೆ ಓಡುತ್ತದೆ. ನೆಲ ಹತ್ತು-ಹನ್ನೆರಡು ಅಡಿ ಇರುವಾಗ ಎರಡೂ ಹಗ್ಗ ಕೆಳಗೆ ಎಳೆದರೆ ಮೆಲ್ಲಗೆ ಕೂರಿಸುತ್ತದೆ. ಅದಕ್ಕಿಂತ ಮೇಲಿರುವಾಗಲೇ ಎಳೆದರೆ ಧೊಪ್ಪನೆ ಬೀಳುತ್ತೀರಿ, ಮಂಡಿಗೆ ಅದೇ ಶತ್ರು. ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ಕೊಡುವ ಮೊದಲ ಹಂತದ 'ಎ' ಲೈಸೆನ್ಸ್‌ಗೆ ಕಡಿಮೆ ಅಂದರೂ 25 ಜಂಪ್ ಬೇಕು, ದುಡ್ಡು ಅದಕ್ಕೆ ತಕ್ಕಂತೆ ಎತ್ತಿಡಿ.

ಚಿಕ್ಕಮಗಳೂರಿನಿಂದ:
ನಮ್ಮ ಯಜಮಾನರೂ ಮಾಜಿ ಸೈನಿಕರು. ಟ್ಯಾಂಡೆಮ್‌ನಲ್ಲಿ (ಇನ್‌ಸ್ಟ್ರಕ್ಟರ್ ಮೈಗೆ ಕಟ್ಟಿಕೊಂಡು ಹಾರುವುದು) ಇಳಿಯುವಾಗ ಕಾಲು ಮೇಲೆ ಎತ್ತಿ ಅಂದರೆ ಎತ್ತಲಿಲ್ಲ. 'ನಂಗೆ ಗೊತ್ತು' ಅಂತ ನಿಂತೇ ಇಳಿಯಲು ಹೋಗಿ ಪಾದ ಉಳುಕಿತು. ಮೂರು ವಾರ ಕಾಫಿ ಲೋಟ ಕೂಡ ಕೈಗೇ ಕೊಟ್ಟೆ! ಇನ್ಶೂರೆನ್ಸ್ ಪಾಲಿಸಿ ಓದಿ ಸಾರ್. ಎಷ್ಟೋ ಪಾಲಿಸಿಗಳಲ್ಲಿ ಇಂಥ ಸಾಹಸಕ್ಕೆ ಕವರ್ ಇಲ್ಲ. ನಮಗೆ ಆಮೇಲೆ ಗೊತ್ತಾಯಿತು.

ಮೂಡಿಗೆರೆಯಿಂದ:
ಶೀತ ಇದ್ದರೆ ಹಾರಬೇಡಿ, ಇಳಿಯುವಾಗ ಕಿವಿ ನೋವು ಸಾಯಿಸುತ್ತದೆ. ಗಾಳಿ ಜಾಸ್ತಿ ಇದ್ದರೆ ದಿನಗಟ್ಟಲೆ ಸುಮ್ನೆ ಕೂರಬೇಕು. ರಜೆ ಹಾಗೇ ಇಟ್ಟುಕೊಂಡು ಹೋಗಿ.

ಅರಸೀಕೆರೆಯಿಂದ ಮತ್ತೆ:
ಸರಿ, ಮೊದಲು ಮೂಳೆ ಡಾಕ್ಟರ್, ಆಮೇಲೆ ಒಂದು ಟ್ಯಾಂಡೆಮ್. ಕಾಲು ಎತ್ತುತ್ತೇನೆ ಅಕ್ಕ. ಮನೆಯಲ್ಲಿ ಇನ್ನೂ ಹೇಳಿಲ್ಲ, ಕೊಬ್ಬರಿ ಮಾರಿದ ದಿನ ಹೇಳುತ್ತೇನೆ.