ಹಳೇ ಗಾಡಿಯಲ್ಲಿ ಕಿಡಿ ಬರ್ತಿಲ್ವಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ಪಾಯಿಂಟ್, ಅಂದರೆ ಕಾಯಿಲಿನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್, ಇರುವ ಗಾಡಿಗಳ ಪ್ರಶ್ನೆ ಮಾತ್ರ ಕೇಳಿ. ಗಾಡಿ ಯಾವುದು, ಎಷ್ಟು ವೋಲ್ಟು, ಏನೇನು ಬದಲಾಯಿಸಿದ್ದೀರಿ, ಅಷ್ಟೂ ಬರೆಯಿರಿ.

ಜೀಪ್ ಪ್ರೇಮಿ: ನಮಸ್ಕಾರ ಸಾರ್. 1944ರ ವಿಲ್ಲಿಸ್ ಜೀಪ್, 6 ವೋಲ್ಟ್. ಏನೂ ಬದಲಾಯಿಸಿಲ್ಲ. ಹ್ಯಾಂಡಲ್ ತಿರುಗಿಸಿದರೆ ಸ್ಟಾರ್ಟ್ ಆಗುತ್ತೆ. ಸೆಲ್ಫ್ ಹೊಡೆದರೆ ಕಿಡಿ ಸಪ್ಪೆ.

ಮೆಕ್ಯಾನಿಕ್: ಹಾಗಾದರೆ ಬ್ಯಾಟರಿ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ಕಾಯಿಲ್ ಮೇಲೆ ಅನುಮಾನ ಬೇಡ. ಸೆಲ್ಫ್ ಮೋಟರೇ ಕರೆಂಟ್ ಎಲ್ಲ ಎಳೆದುಕೊಳ್ಳುತ್ತಿದೆ. ಬ್ಯಾಟರಿ ಕೇಬಲ್ ನೋಡಿ. ಯಾರಾದರೂ 12 ವೋಲ್ಟ್ ಗಾಡಿಯ ತೆಳು ಕೇಬಲ್ ಹಾಕಿರಬಹುದು. 6 ವೋಲ್ಟಿನಲ್ಲಿ ಅದೇ ಕೆಲಸಕ್ಕೆ ಎರಡರಷ್ಟು ಆಂಪ್ ಬೇಕು. ಅರ್ಥ್, ಅಂದರೆ ಬ್ಯಾಟರಿಯಿಂದ ಗಾಡಿಯ ಬಾಡಿಗೆ ಹೋಗುವ ಕೇಬಲ್, ಕೂರುವ ಜಾಗದಲ್ಲಿ ಪೇಂಟ್ ಕೆರೆದು ಬಿಗಿ ಮಾಡಿ.

ಬೀಟಲ್ ಸವಾರ: ಕಿಡಿ ಹಳದಿ, ಪಾಯಿಂಟ್ ಬೇಗ ಸುಡುತ್ತಿದೆ. ಕಾಯಿಲ್ ಬದಲಾಯಿಸಲಾ?

ಮೆಕ್ಯಾನಿಕ್: ಮೊದಲು ಕಂಡೆನ್ಸರ್, ಪಾಯಿಂಟ್ ಸುಡದಂತೆ ತಡೆಯುವ ಭಾಗ ಅದೇ. ಆಮೇಲೆ ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇಡಿ.

ಮೈನರ್ ಮಾಲೀಕ: 1960ರ ಮಾರಿಸ್ ಮೈನರ್, 12 ವೋಲ್ಟ್. ಐಡಲಿಂಗ್ ಚೆನ್ನಾಗಿದೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಟಪ್ ಅಂತ ಆಫ್. ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪ್ಲಗ್ ಎಲ್ಲ ಹೊಸದು. ಕಾರ್ಬುರೇಟರೂ ಬಿಚ್ಚಿಸಿದ್ದಾಯ್ತು.

ಮ್ಯಾಗ್ನೆಟೋ ಮಿತ್ರ: ಸಾರ್, ನನ್ನ ಬೈಕಿನ ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೆ ಕಿಡಿ ಕೊಡುತ್ತಲ್ಲ, ಅದು) ಬಿಸಿಯಾದ ಮೇಲೆ ಕಿಡಿ ಕೊಡಲ್ಲ. ಯಾಕೆ?

ಮೆಕ್ಯಾನಿಕ್: ಮೈನರ್ ಅವರೇ, ಇದು ಮಜಾ ಇರುವ ಕೇಸು. ಕಾರ್ಬುರೇಟರ್ ಬಿಡಿ. ಪೆಟ್ರೋಲ್ ಸಾಲದಿದ್ದರೆ ಇಂಜಿನ್ ಕೆಮ್ಮಿ, ಎಳೆದಾಡಿ ನಿಲ್ಲುತ್ತೆ. ಟಪ್ ಅಂತ ನಿಂತರೆ ಸಾಮಾನ್ಯವಾಗಿ ಕರೆಂಟೇ ಹೋಗಿರುತ್ತೆ.

ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕ ಚಪ್ಪಟೆ ಡಬ್ಬಿ ಇದೆಯಲ್ವಾ, ಕಾರ್ಬುರೇಟರಿನಿಂದ ಸಣ್ಣ ಪೈಪ್ ಬರುತ್ತೆ, ಅದೇ ವ್ಯಾಕ್ಯೂಮ್ ಅಡ್ವಾನ್ಸ್, ಗಾಳಿಯ ಎಳೆತದಿಂದ ಕಿಡಿಯನ್ನು ಸ್ವಲ್ಪ ಮುಂಚೆ ಹಾರಿಸುವ ಭಾಗ. ನಿಮ್ಮ ಗಾಡಿಯಲ್ಲಿ ಐಡಲಿಂಗಿನಲ್ಲಿ ಅದಕ್ಕೆ ಎಳೆತ ಇರುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಪಾಯಿಂಟ್ ಕೂತಿರುವ ಪ್ಲೇಟನ್ನು ಅದು ತಿರುಗಿಸುತ್ತೆ. ಹೊರಗಿನ ಟರ್ಮಿನಲ್‌ನಿಂದ ಪಾಯಿಂಟಿಗೆ ಬಟ್ಟೆ ಸುತ್ತಿದ ಗಿಡ್ಡ ವೈರ್ ಇದೆ. ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಇನ್ನೊಂದು, ಅರ್ಥ್ ವೈರ್. ಆಚೆ ಈಚೆ ಬಾಗಿ ಬಾಗಿ ಒಳಗಿನ ತಾಮ್ರ ತುಂಡಾಗುತ್ತೆ, ಮೇಲಿನ ಬಟ್ಟೆ ಹಾಗೇ ಇರುತ್ತೆ. ಪ್ಲೇಟ್ ಸುಮ್ನೆ ಇದ್ದಾಗ ತುದಿಗಳು ತಾಗಿರುತ್ತವೆ. ತಿರುಗಿದರೆ ಬಿಟ್ಟುಕೊಳ್ಳುತ್ತವೆ. ನೀವು ಎಲ್ಲ ಬದಲಾಯಿಸಿದ್ದೀರಿ, ಇದೊಂದನ್ನು ಬಿಟ್ಟು.

ಆ ಪೈಪ್ ಕಳಚಿ, ಕಾರ್ಬುರೇಟರ್ ಕಡೆ ಮುಚ್ಚಿ, ಆಕ್ಸಿಲರೇಟರ್ ಒತ್ತಿ. ನಿಲ್ಲದಿದ್ದರೆ ಸಿಕ್ಕಿತು ಅಂತ ತಿಳಿಯಿರಿ. ಖಾತ್ರಿಗೆ: ಇಂಜಿನ್ ನಿಲ್ಲಿಸಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಪಾಯಿಂಟ್ ಪೂರ್ತಿ ಮುಚ್ಚಿರಲಿ. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ವೈರ್ ಹೋಗುವ ಸಿಬಿ ಟರ್ಮಿನಲ್‌ಗೂ ಬಾಡಿಗೂ ಟೆಸ್ಟ್ ಲ್ಯಾಂಪ್ ಹಿಡಿದು ಇಗ್ನಿಷನ್ ಆನ್ ಮಾಡಿ. ಲ್ಯಾಂಪ್ ಉರಿಯಬಾರದು. ಬೆರಳಲ್ಲಿ ಪ್ಲೇಟ್ ತಿರುಗಿಸಿ. ಪಾಯಿಂಟ್ ತೆರೆಯದೆ ಲ್ಯಾಂಪ್ ಹತ್ತಿದರೆ ವೈರ್ ಹೋಗಿದೆ. ಜಾಸ್ತಿ ಹೊತ್ತು ಆನ್ ಇಡಬೇಡಿ, ಕಾಯಿಲ್ ಬಿಸಿಯಾಗುತ್ತೆ.

ಗ್ಯಾರೇಜ್ ಗೆಳೆಯ: ಫಾರ್ವರ್ಡ್ ಬಂದಿತ್ತು: ಪ್ಲಗ್ ವೈರ್ ಕತ್ತರಿಸಿ ನಡುವೆ ಅಂಗಿ ಗುಂಡಿ ಕೂರಿಸಿದರೆ ಕಿಡಿ ಡಬಲ್! ವೈರ್ ಕೈಯಲ್ಲಿ ಹಿಡಿದು ಜುಮ್ ಅಂದರೆ ಕಿಡಿ ಇದೆ ಅಂತಲೂ ಇದೆ.

ಮೆಕ್ಯಾನಿಕ್: ಎರಡನ್ನೂ ಡಿಲೀಟ್ ಮಾಡಿ. ಎಣ್ಣೆ ಹಿಡಿದ ಪ್ಲಗ್ ಗುಂಡಿಯಿಂದ ಸ್ವಲ್ಪ ಹೊತ್ತು ಉರಿಯಬಹುದು, ಆದರೆ ಅಷ್ಟೂ ಭಾರ ಕಾಯಿಲಿನ ಇನ್ಸುಲೇಷನ್ ಮೇಲೆ ಬೀಳುತ್ತೆ. ಕೈಯಲ್ಲಿ ಹಿಡಿಯುವುದಂತೂ ಹುಚ್ಚಾಟ. ಅದು ಸಾವಿರಾರು ವೋಲ್ಟು. ಕೈ ಬೆಚ್ಚಿ ಫ್ಯಾನಿಗೆ ಹೋದರೆ ಆ ಫಾರ್ವರ್ಡ್ ಮಾಡಿದವರು ಬರಲ್ಲ. ಕಿಡಿ ನೋಡಬೇಕಿದ್ದರೆ ಪ್ಲಗ್ಗನ್ನು ಇಂಜಿನ್ ಬಾಡಿಗೆ ಕ್ಲಿಪ್ ಹಾಕಿ ನೋಡಿ, ಪೆಟ್ರೋಲ್ ವಾಸನೆ ಇದ್ದರೆ ಅದೂ ಬೇಡ.

ಗ್ಯಾರೇಜ್ ಗೆಳೆಯ: ಸುಮ್ನೆ ಹಾಕಿದೆ ಸಾರ್, ಸಿಟ್ಟೇಕೆ?

ಹಳೇ ಕೈ: ಮೈನರಿಗೆ ಕಾಯಿಲ್ ವೈರ್ ಅದಲು ಬದಲು ಮಾಡಿ ನೋಡಿ. ಹೇಗೆ ಕೊಟ್ಟರೂ ಓಡುತ್ತೆ.

ವೈರಿಂಗ್ ವೀರ: ಓಡುತ್ತೆ ರೀ, ಕಿಡಿ ಬಡವಾಗುತ್ತೆ. ಮೈನರ್ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ಕಡೆ ಗಾಡಿಯ ಬಾಡಿಗೆ ಸೇರಿರುತ್ತೆ. ಎಸ್‌ಡಬ್ಲ್ಯೂ ಸ್ವಿಚ್ಚಿಗೆ, ಸಿಬಿ ಡಿಸ್ಟ್ರಿಬ್ಯೂಟರಿಗೆ ಅಂತ ಲೂಕಾಸ್ ಕಾಯಿಲ್ ಮೇಲೇ ಇರುತ್ತೆ.

ಹಳೇ ಕೈ: ಕಿಡಿ ನೀಲಿ ಇದ್ದರೆ ಸಾಕು. ನೀನು ಹುಟ್ಟೋ ಮೊದಲಿಂದ ಸ್ಪ್ಯಾನರ್ ಹಿಡಿದಿದ್ದೇನೆ.

ವೈರಿಂಗ್ ವೀರ: ಹಿಡಿದಿದ್ದೀರಿ ಸರಿ, ಯಾವ ತುದಿ?

ಮೆಕ್ಯಾನಿಕ್: ವೀರ ಹೇಳಿದ್ದು ಸರಿ. ಪ್ಲಗ್ಗಿನ ನಡುವಿನ ತುದಿ ಜಾಸ್ತಿ ಬಿಸಿ ಇರುತ್ತೆ, ಅದು ನೆಗೆಟಿವ್ ಆಗಿದ್ದರೆ ಕಡಿಮೆ ವೋಲ್ಟೇಜಿಗೆ ಕಿಡಿ ಹಾರುತ್ತೆ. ಹೊರಗಿನ ಗಾಳಿಯಲ್ಲಿ ಹಾರಿದ ಕಿಡಿ ಕಂಪ್ರೆಷನ್ನಿನಲ್ಲಿ ಹಾರುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ಜಗಳ ಬೇರೆ ಕಡೆ ಆಡಿ.

ಹೊಸ ಸದಸ್ಯ: ಕೀ ತಿರುಗಿಸಿದಾಗ ಸ್ಟಾರ್ಟ್ ಆಗುತ್ತೆ, ಕೈ ಬಿಟ್ಟರೆ ಆಫ್. ಕಾಯಿಲ್ ಹೋಗಿದೆಯಾ?

ಮೆಕ್ಯಾನಿಕ್: ಗಾಡಿ ಯಾವುದು ಅಂತ ಬರೆಯಲ್ವಲ್ಲ. ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇದ್ದರೆ ಅದನ್ನು ನೋಡಿ, ತುಂಡಾಗಿರಬಹುದು. ಸ್ಟಾರ್ಟ್ ಮಾಡುವಾಗ ಮಾತ್ರ ಕರೆಂಟ್ ಅದನ್ನು ಬಿಟ್ಟು ನೇರ ಹೋಗುತ್ತೆ.

ಬೀಟಲ್ ಸವಾರ: ಹಾಗಾದರೆ ನನ್ನ ಕಾಯಿಲ್?

ಮೆಕ್ಯಾನಿಕ್: ಮೇಲೆ ಓದಿ.

ಮೈನರ್ ಮಾಲೀಕ: ಪೈಪ್ ಕಳಚಿದೆ ಸಾರ್, ನಿಲ್ಲಲೇ ಇಲ್ಲ! ಆದರೆ ವೈರ್ ನೋಡಿದರೆ ಸರಿಯಾಗೇ ಇದೆ.

ಮೆಕ್ಯಾನಿಕ್: ನೋಡಿದರೆ ಸರಿಯಾಗೇ ಇರುತ್ತೆ ಅಂದೆನಲ್ಲ. ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ.

ಮೈನರ್ ಮಾಲೀಕ: ರಬ್ಬರ್ ಹಾಗೆ ಉದ್ದ ಬಂತು. ಬಟ್ಟೆ ಬಿಡಿಸಿದರೆ ಒಳಗೆ ಎಳೆಗಳೆಲ್ಲ ಹಸಿರು, ತುಂಡು ತುಂಡು.

ಮೆಕ್ಯಾನಿಕ್: ಕೂದಲಿನಷ್ಟು ಸಣ್ಣ ಎಳೆಗಳಿರುವ ಮೆತ್ತನೆ ವೈರ್ ಹಾಕಿ, ಗಟ್ಟಿ ವೈರ್ ಮತ್ತೆ ಮುರಿಯುತ್ತೆ. ಅರ್ಥ್ ವೈರನ್ನೂ ಜೊತೆಗೇ ಬದಲಾಯಿಸಿ.

ಹಳೇ ಕೈ: ನಾನೂ ವೈರ್ ಅಂತಲೇ ಹೇಳಿದ್ದೆ.

ವೈರಿಂಗ್ ವೀರ: ಎಲ್ಲಿ?

ಮ್ಯಾಗ್ನೆಟೋ ಮಿತ್ರ: ಸಾರ್, ನನ್ನ ಮ್ಯಾಗ್ನೆಟೋ?